ತಾಳೆ ಆಗದ ಹಾಳೆ

ಶಹಾಬಾದಿನ ಸಿಮೆಂಟ್ ಫ್ಯಾಕ್ಟರಿಯಾಗ
ಮೂವತ್ತೊಂದು ವರ್ಷ ಹಾಜರಿ ಬರದೀನಿ.
ಒಂದು ಪಾಳಿ ಹೆಚ್ಚಿಲ್ಲ, ಅರ್ಧ ತಾಸು ಕಮ್ಮಿ ಇಲ್ಲ.
ಈ ಒಂದು ಹಾಳಿ ಮಾತ್ರ
ಎಷ್ಟು ಸಲ ಕೂಡಿಸಿದರೂ ಎರಡು ಉಳೀತದ.

ಎಪ್ಪತ್ತೊಂಬತ್ತರ ಮಾಘದ ಚಳಿ. ಸೋಲಾಪುರದ ಮಿಲ್ಲಿನವರು
ರೈಲಿಗಿ ಬಂದಿದ್ದರು, ಎಲ್ಲಾರ ಕಾಲಾಗೂ ಬಿಳಿ ಬೂಟು.
ನಮ್ಮೂರಾಗ ಆಟಕ್ಕ ಪಗಾರ ಅಂತ ಕೊಟ್ಟದ್ದು ಅವತ್ತೇ ಮೊದಲು:
ಗೆದ್ದವನಿಗಿ ನೂರೈವತ್ತು, ಸೋತವನಿಗಿ ಎಪ್ಪತ್ತೈದು,
ಸ್ಕೋರ್ ಬರಿಯೋ ನನಗ ಚಹಾ, ಎರಡು ಬನ್ನು.

ಪರಸಿ ಹಾಸಿದ ಅಂಗಳ. ಚೆಂಡು ಬಡದರ
ಗಣಿಯಾಗ ಸುತ್ತಿಗಿ ಬಿದ್ದಂಗ ಸಪ್ಪಳ.
ನೂಲಿನ ಬಲಿ ಸಿಗಲಿಲ್ಲ ಅಂತ
ವರ್ಕ್‌ಶಾಪಿನವರು ಕಬ್ಬಿಣದ ಸರಪಳಿ ಹೆಣದು ಬುಟ್ಟಿಗಿ ಕಟ್ಟಿದ್ದರು;
ಚೆಂಡು ಇಳದರ ಝಲ್ ಅಂತಿತ್ತು,
ಕಾಲೋನಿಯ ಕೊನೀ ಮನಿಗೂ ಕೇಳಸ್ತಿತ್ತು.

ಹಾಳಿ ನೋಡ್ರಿ. ಕಾಗದ ಹಳದಿ ಆಗ್ಯದ, ಅಂಕಿ ಮಾಸಿಲ್ಲ.
ಮಹಿಬೂಬ್ ಮೂವತ್ಮೂರು.
ಗುಂಡೇರಾವ್ ಹದಿನೇಳು; ಮೊಣಕಾಲು ಒಡಕೊಂಡದ್ದು ಹಾಳಿಯಾಗಿಲ್ಲ.
ವಿಲ್ಸನ್ ಹನ್ನೆರಡು.
ಚಂದ್ರಶಾ ಹತ್ತು, ಐದು ಫೌಲು, ಹೊರಗ.
ಧರ್ಮು ರಾಠೋಡ ನಾಕು. ಹಗಲ ಪಾಳಿ ಮುಗಿಸಿ ನೇರ ಬಂದಿದ್ದ,
ಹುಬ್ಬಿನಾಗ ಸಿಮೆಂಟಿನ ಪುಡಿ.
ಕೊನಿಗಿ ಚಂದ್ರಶಾನ ಬದಲಿಗಿ ಇಳದ ಅಣವೀರ. ಸೊನ್ನೆ.
ಫ್ರೀ ಥ್ರೋ ಇಪ್ಪತ್ತೊಂದರಾಗ ಹದಿನಾಕು, ಬುಟ್ಟಿ ಮೂವತ್ತೊಂದು,
ಕೂಡಿದರ ಎಪ್ಪತ್ತಾರು.
ಕೆಳಗ, ನನ್ನ ಕೈಲೇ ಬರದದ್ದು: ಎಪ್ಪತ್ತೆಂಟು.
ಸೋಲಾಪುರ ಎಪ್ಪತ್ತೇಳು.

ಹನ್ನೊಂದು ಸೆಕೆಂಡ್ ಇತ್ತು. ನಾವು ಒಂದು ಅಂಕ ಹಿಂದ.
ಕರೆಂಟ್ ಹೋಯ್ತು.
ಎಂಥಾ ಕತ್ತಲ ಅಂದ್ರ, ನನ್ನ ಪೆನ್ಸಿಲ್ ನನಗೇ ಕಾಣಲಿಲ್ಲ.
ಉಸುರು ಕೇಳಿತು. ಬೂಟು ಜಾರಿದ್ದು ಕೇಳಿತು.
ಆಮ್ಯಾಗ,
ಝಲ್.

ಬೆಳಕು ಬರೂದ್ರೊಳಗ ಹನ್ನೊಂದೂ ಮುಗದಿದ್ದವು.
ರೆಫರಿ, ಬೀದರದ ಮಿಷನ್ ಶಾಲೆಯ ಸ್ಯಾಮ್ಯುಯೆಲ್ ಮಾಸ್ತರು,
ಟಾರ್ಚ್ ಹಿಡದು ನೋಡಿದರ, ಚೆಂಡು ಬುಟ್ಟಿ ಕೆಳಗ
ದಣದ ನಾಯಿಯಂಗ ಬಿದ್ದಿತ್ತು.
ಸೋಲಾಪುರದ ನಾಯಕ ಸೊಂಟದ ಮ್ಯಾಲ ಕೈ ಇಟ್ಟು
'ಆಮ್ಹಿ ಪಣ ಐಕಲಂ' ಅಂದ. ನಾವೂ ಕೇಳಿವಿ.
ಹಂಗ ಅಂದವನ ಮುಂದ ಇಪ್ಪತ್ತೊಂಬತ್ತು ಅಂತ ಅದ.
ಆ ಮಾತಿಗಿ ಕಾಲಂ ಇಲ್ಲ.

ಯಾರದು ಅಂತ ಬರೀಲಿ?
ಮಹಿಬೂಬ್ ಅಂದ, ವಿಲ್ಸನ್‌ದು. ವಿಲ್ಸನ್ ಅಂದ, ಗುಂಡೇರಾಯಂದು.
ಗುಂಡೇರಾವ್ ಮೊಣಕಾಲಿಗಿ ಅರಿಷಿಣ ಹಚ್ಚಕೋತ, ನನ್ನ ಕೇಳಬ್ಯಾಡ ಅಂದ.
ಧರ್ಮು ನಿದ್ದಿಗಣ್ಣಾಗ ತಲಿ ಅಲ್ಲಾಡಿಸಿದ.
ಚಂದ್ರಶಾ ಮಾತ್ರ, ನಂದೇ, ಬರಕೋ, ಅಂದು ತಾನೇ ನಕ್ಕ:
ಆಗ ಬೆಂಚಿನ ಮ್ಯಾಲ ಕುಂತಿದ್ನೆಲ್ಲೋ ಮಾರಾಯ!
ಅಣವೀರನ ಹೆಸರು ಯಾರ ಬಾಯಾಗೂ ಬರಲಿಲ್ಲ.
ನಾನೂ ಕೇಳಲಿಲ್ಲ. ಎರಡು ನಿಮಿಷದ ಆಟಗಾರ.

ಹೋದ ವರ್ಷ ವಾಡಿ ಜಂಕ್ಷನ್ ಹಂತೇಲಿ
ಅವನ ಸೈಕಲ್ ಅಂಗಡಿ ಸಿಕ್ತು. ಹಾಳಿ ತೋರಿಸಿದೆ.
ಕೈಯಾಗಿನ ಟ್ಯೂಬು ನೀರಿನಾಗ ಅದ್ದಿ,
ಗುಳ್ಳಿ ಎಲ್ಲಿ ಏಳ್ತದ ಅಂತ ನೋಡ್ಕೋತನೇ ಹೇಳಿದ:
'ಧರ್ಮು ಅಲ್ಲೇ ನಿಂತಿರ್ತಾನ ಅಂತ ಒಗದೆ.
ಅವ ಹಿಡದಂಗ ಅನಿಸಲಿಲ್ಲ.
ತಪ್ಪಾತು ಅಂದ್ಕೊಂಡೆ.'

ನಲವತ್ತು ವರ್ಷದ ಮ್ಯಾಲೂ
ತಪ್ಪು ಅಂತನೇ ಇಟ್ಕೊಂಡಿದ್ದ.

ಪೆನ್ಸಿಲ್ ಜೇಬಿನಾಗೇ ಇತ್ತು. ಸೊನ್ನೆ ಅಳಸಲೇನು ಅಂದೆ.
ಗಾಳಿ ತುಂಬಿದ ಗಾಲಿ ತಿರುವಿ ಕೈ ಬಿಟ್ಟ.
'ನಾ ಬುಟ್ಟಿಗಿ ಒಗದಿಲ್ರಿ, ಪಾಸ್ ಕೊಟ್ಟೀನಿ.
ಪಾಸಿಗಿ ನಿಮ್ಮ ಹಾಳಿಯಾಗ ಜಾಗ ಅದ ಏನು?'
ಇರಲಿಲ್ಲ.

ಪ್ಯಾಸೆಂಜರ್ ಗಾಡಿಯಾಗ ಕಿಡಕಿ ಬಾಜು ಕುಂತು
ಮತ್ತೊಮ್ಮೆ ಕೂಡಿಸಿದೆ, ಮೊದಲು ಮ್ಯಾಲಿಂದ, ಆಮ್ಯಾಗ ಕೆಳಗಿಂದ.
ಎರಡು ಉಳೀತು.
ಉಳೀಲಿ.